ಗೋಡೆಯ ಮೇಲೊಂದು ಮೆಡಲ್, ಅದರ ಹಿಂದೆ ನಮ್ಮೂರ ಗಡಿ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಡಿಯೊ ಪೂರ್ತಿ ಒಂದೇ ಒಂದು ಫ್ರೇಮ್ ಬಗ್ಗೆ. ತಮಿಳುನಾಡಿನ ಗಡಿಯಲ್ಲಿರೋ ಹೊಸೂರಿನ ನಮ್ಮನೆ ಹಾಲಲ್ಲಿ ಟಿವಿ ಮೇಲೆ ಹಾಕಿದ್ದೀನಲ್ಲ, ಅದೇ. ಬಂದವರೆಲ್ಲ ಕೇಳುತ್ತಾರೆ, "ಏನಿದು, ಟಿಪ್ಪು ಸತ್ತ ಖುಷಿಗೆ ಬ್ರಿಟಿಷರು ಮಾಡಿಸಿದ ಮೆಡಲ್ ನಿಮ್ಮನೇಲಿ ಯಾಕೆ?" ಅಂತ. ನಿಂತ ಜಾಗದಲ್ಲೇ ಎರಡು ಮಾತಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು. ಅದಕ್ಕೇ ಈ ವಿಡಿಯೊ.

ಇದು ಶ್ರೀರಂಗಪಟ್ಟಣದ ಮೆಡಲ್‌ನ ಪ್ರಿಂಟ್, ಎರಡೂ ಬದಿ ಅಕ್ಕಪಕ್ಕ. 1799ರ ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಅವತ್ತೇ ಕೋಟೆಯೊಳಗೆ ಹೋರಾಡುತ್ತಾ ಸತ್ತರು. ಆ ಗೆಲುವಿಗೆ ಈಸ್ಟ್ ಇಂಡಿಯಾ ಕಂಪನಿ ಈ ಮೆಡಲ್ ಮಾಡಿಸಿತು. ಚಿತ್ರ ಕೊರೆದದ್ದು ಕ್ಯೂಕ್ಲರ್ ಅನ್ನೋ ಕಲಾವಿದ. ಅಚ್ಚು ಹಾಕಿದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೊ ಟಂಕಸಾಲೆಯಲ್ಲಿ, ಮ್ಯಾಥ್ಯೂ ಬೋಲ್ಟನ್ ಅವರದ್ದು ಅದು. ಆಮೇಲೆ ಕಲ್ಕತ್ತದಲ್ಲೂ ಹಾಕಿದರು. ಸೋಹೊದ ಅಸಲಿ ಮೆಡಲ್ ಅಡ್ಡಳತೆ ಬರೀ 48 ಮಿಲಿಮೀಟರ್. ನನ್ನ ಪ್ರಿಂಟ್ ಊಟದ ತಟ್ಟೆಯಷ್ಟು ದೊಡ್ಡದು, ಅದಕ್ಕೇ ಎಲ್ಲಾ ಗೆರೆಗಳೂ ಚೆನ್ನಾಗಿ ಕಾಣುತ್ತವೆ.

ಕ್ಯಾಮೆರಾ ಹತ್ತಿರ ತರುತ್ತೀನಿ, ನೋಡಿ. ಎಡಗಡೆ ಇರೋದು ಮೆಡಲ್‌ನ ಮುಂಭಾಗ. ಸಿಂಹ ಮೇಲೆ, ಹುಲಿ ಕೆಳಗೆ. ಸಿಂಹ ಅಂದರೆ ಬ್ರಿಟನ್, ಹುಲಿ ಅಂದರೆ ಟಿಪ್ಪು, ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹುಲಿ ನೆಲಕ್ಕೆ ಬಿದ್ದಿದೆ. ನಾನು ಜಾಸ್ತಿ ಹೊತ್ತು ನೋಡುತ್ತಾ ನಿಲ್ಲೋದು ಹಿಂದೆ ಹಾರುತ್ತಿರೋ ಬಾವುಟವನ್ನು. ಅದರ ಮೇಲೆ ಅರಬ್ಬೀ ಅಕ್ಷರದಲ್ಲಿ "ಅಸದುಲ್ಲಾ ಅಲ್ ಗಾಲಿಬ್" ಅಂತ ಬರೆದಿದೆ, ದೇವರ ಸಿಂಹವೇ ಗೆಲ್ಲೋದು ಅಂತ. ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸುತ್ತಿದ್ದ ಸಾಲೇ ಇದು! ಸೋತವನ ನಾಡು, ಖಜಾನೆ ತಗೊಂಡಿದ್ದು ಸಾಲದೆ ಅವನು ನಂಬಿದ್ದ ಸಾಲನ್ನೂ ತಗೊಂಡು ತಮ್ಮ ಸಿಂಹಕ್ಕೆ ಕಟ್ಟಿದರು. ಇದನ್ನು ಮೊದಲ ಸಲ ಓದಿ ತಿಳಿದಾಗ ನನಗೆ ನಿಜಕ್ಕೂ ಸಂಕಟ ಆಯ್ತು.

ಬಲಗಡೆ ಹಿಂಭಾಗ. ಸೈನಿಕರು ಕೋಟೆಗೆ ನುಗ್ಗುತ್ತಿದ್ದಾರೆ. ಮೇಲೆ ಸೂರ್ಯ ನೋಡಿ, ನೆತ್ತಿಯ ಮೇಲಿದ್ದಾನೆ. ಸುಮ್ನೆ ಅಂದಕ್ಕೆ ಹಾಕಿದ್ದಲ್ಲ. ದಾಳಿ ಶುರುವಾಗಿದ್ದು ಮಧ್ಯಾಹ್ನ ಸುಮಾರು ಒಂದು ಗಂಟೆಗೆ. ಉರಿ ಬಿಸಿಲಲ್ಲಿ ಕಾವಲಿನವರು ಸುಧಾರಿಸಿಕೊಳ್ಳೋ ಹೊತ್ತು ಅಂತ ಲೆಕ್ಕ ಹಾಕಿಯೇ ಆ ಸಮಯ ಇಟ್ಟಿದ್ದರು. ದಾಳಿ ನಡೆಸಿದ್ದು ಡೇವಿಡ್ ಬೇರ್ಡ್. ಆತ 1780ರಲ್ಲಿ ಸೆರೆ ಸಿಕ್ಕಿ ಅದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಜಾಸ್ತಿ ಕೈದಿಯಾಗಿದ್ದವನು.

ಸರಿ, ಶ್ರೀರಂಗಪಟ್ಟಣ ಎಲ್ಲಿ, ಹೊಸೂರು ಎಲ್ಲಿ, ಅಂತೀರಾ? ಈ ಫ್ರೇಮ್ ಹಾಕಿರೋದೇ ಅದಕ್ಕೆ.

1792ರಲ್ಲಿ, ಹಿಂದಿನ ಯುದ್ಧ ಮುಗಿದಾಗ, ಟಿಪ್ಪು ಬಾರಾಮಹಲನ್ನು, ಅಂದರೆ ಕೃಷ್ಣಗಿರಿ ಕಡೆಯ ಸೀಮೆಯನ್ನು, ಕಂಪನಿಗೆ ಬಿಟ್ಟುಕೊಟ್ಟಿದ್ದರು. ರಾಯಕೋಟೆ ಕಂಪನಿ ಕೈಲಿ. ಹೊಸೂರು, ಡೆಂಕಣಿಕೋಟೆ, ಕೆಲಮಂಗಲ ಇನ್ನೂ ಮೈಸೂರಿನಲ್ಲಿ. ಅಂದರೆ ಆವತ್ತಿನ ಗಡಿ ಇದ್ದದ್ದು ರಾಯಕೋಟೆಗೂ ಕೆಲಮಂಗಲಕ್ಕೂ ನಡುವೆ! ಇವತ್ತು ಟೊಮೆಟೊ ತುಂಬಿದ ಗಾಡಿಗಳು ಓಡಾಡೋ ರಸ್ತೆ, ಬೈಕಲ್ಲಿ ಹಾಡು ಕೇಳಿಕೊಂಡು ಹೋಗಿಬಿಡುತ್ತೀವಿ, ಅಲ್ಲಿ ಎರಡು ರಾಜ್ಯ ಎದುರುಬದುರು ನಿಂತಿದ್ದವು.

1799ರ ಫೆಬ್ರವರಿಯಲ್ಲಿ ಬ್ರಿಟಿಷ್ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್ ವೇಲೂರಿನಿಂದ ಹೊರಟ. ಹೈದರಾಬಾದ್ ನಿಜಾಮನ ಪಡೆಯೂ ಬಂದು ಸೇರಿಕೊಂಡಿತು. ಮಾರ್ಚ್ 5ಕ್ಕೆ ಗಡಿ ದಾಟಿದರು. ನಾಲ್ಕೇ ದಿನಕ್ಕೆ ಕೆಲಮಂಗಲದ ಹತ್ತಿರ ಡೇರೆ ಬಿತ್ತು. ಆಮೇಲೆ ಆನೇಕಲ್, ತಲಘಟ್ಟಪುರ, ಕನಕಪುರ, ಮಳವಳ್ಳಿ. ಫಿರಂಗಿ, ಗುಂಡು, ಅಕ್ಕಿ ಎಲ್ಲ ಎಳೆಯೋಕೆ, ಹೊರೋಕೆ ಲಕ್ಷದಷ್ಟು ಎತ್ತುಗಳಿದ್ದವಂತೆ. ಧಾನ್ಯ ಹೊತ್ತು ತಂದವರಲ್ಲಿ ಬಂಜಾರರು, ನಮ್ಮ ಲಂಬಾಣಿಗಳು, ದೊಡ್ಡ ಸಂಖ್ಯೆಯಲ್ಲಿದ್ದರು. ಅಷ್ಟು ಎತ್ತು ಒಂದು ಊರ ಹೊರಗೆ ಒಂದು ರಾತ್ರಿ ನಿಂತರೆ ಏನಾಗುತ್ತೆ ಹೇಳಿ? ಕೆರೆ ನೀರು ಕಲಕಿ ರಾಡಿ, ಮೇವು ಖಾಲಿ. ಶತ್ರುಗೆ ಸಿಗಬಾರದು ಅಂತ ದಾರಿಯ ಮೇವಿಗೆ ಟಿಪ್ಪುವಿನ ಕುದುರೆ ಸವಾರರು ಬೆಂಕಿ ಇಡುತ್ತಿದ್ದರು. ಹುಲ್ಲಿಲ್ಲದೆ ಎತ್ತುಗಳು ದಾರಿಯುದ್ದಕ್ಕೂ ಬಿದ್ದು ಸತ್ತವು. ಕೊನೆಗೆ ಹ್ಯಾರಿಸ್ ಎಲ್ಲರೂ ಕಾದಿದ್ದ ದಾರಿ ಬಿಟ್ಟು, ಸೋಸಲೆ ಹತ್ತಿರ ಕಾವೇರಿ ದಾಟಿ, ಮೇವು ಸುಡದೆ ಉಳಿದಿದ್ದ ದಕ್ಷಿಣದ ದಡಕ್ಕೆ ಹೋದ. ಇತ್ತ ಬಣವೆ ಕಳಕೊಂಡ ರೈತ ಯಾರ ಕಡೆಯವನು? ಎರಡೂ ಕಡೆಯಿಂದ ಪೆಟ್ಟು ತಿಂದವನು ಅವನೇ ಅಲ್ವಾ.

ಮೆಡಲ್ ಮೇಲೆ ಇದ್ಯಾವುದೂ ಇಲ್ಲ. ಕೆಲಮಂಗಲ ಇಲ್ಲ, ಎತ್ತು ಇಲ್ಲ, ಲಂಬಾಣಿ ಇಲ್ಲ.

ಇನ್ನು ಅದನ್ನು ಹಂಚಿದ ರೀತಿ. ಚಿನ್ನದ್ದು 113, ದೊಡ್ಡ ದೊಡ್ಡವರಿಗೆ. ಆಮೇಲೆ ಚಿನ್ನದ ಲೇಪದ ಬೆಳ್ಳಿ, ಬರೀ ಬೆಳ್ಳಿ, ಕಂಚು, ಹೀಗೆ ದರ್ಜೆ ಇಳಿದ ಹಾಗೆ ಲೋಹವೂ ಇಳಿಯುತ್ತೆ. ಸಾಮಾನ್ಯ ಸೈನಿಕರಿಗೆ, ನಮ್ಮ ಸಿಪಾಯಿಗಳಿಗೆ ತವರದ್ದು, ಸುಮಾರು 45,000. ಕೈಗೆ ಸಿಗೋ ಹೊತ್ತಿಗೆ 1808 ಬಂದಿತ್ತು. ಒಂಬತ್ತು ವರ್ಷ! ನೇತು ಹಾಕೋಕೆ ಕೊಂಡಿ ಕೂಡ ಇರಲಿಲ್ಲ, ಬೇಕಾದವರು ತಾವೇ ಹಾಕಿಸಿಕೊಂಡರು. ಕಾದಾಡಿದವರಿಗೇ ಇಷ್ಟು. ಮೂಟೆ ಹೊತ್ತವರ ಹೆಸರನ್ನು ಕೇಳೋರು ಯಾರು?

ನಮಗೆ ಸಿಕ್ಕಿದ್ದು ಬೇರೆ. ಯುದ್ಧ ಮುಗಿದ ಮೇಲೆ ಮೈಸೂರನ್ನು ಪಾಲು ಮಾಡಿದರು. ಒಡೆಯರಿಗೆ ಒಂದು ಪಾಲು, ನಿಜಾಮನಿಗೆ ಒಂದು, ಕಂಪನಿಗೆ ಒಂದು. ಹೊಸೂರು ಸೀಮೆ ಕಂಪನಿಗೆ ಹೋಯ್ತು, ಸೇಲಂ ಜಿಲ್ಲೆಗೆ ಸೇರಿತು, ಮದ್ರಾಸು ಪ್ರಾಂತ್ಯ ಆಯ್ತು. ಗಡಿ ರಾಯಕೋಟೆಯ ಹತ್ತಿರದಿಂದ ಎದ್ದು ಅತ್ತಿಬೆಲೆ ಕಡೆಗೆ ಬಂದು ಕೂತಿತು. 1956ರಲ್ಲಿ ಭಾಷೆ ನೋಡಿ ರಾಜ್ಯ ಮಾಡಿದಾಗಲೂ ಅದು ಅಲ್ಲಿಂದ ಅಲ್ಲಾಡಲಿಲ್ಲ. "ನೀವು ಕನ್ನಡದವರು, ತಮಿಳುನಾಡಲ್ಲಿ ಹೇಗೆ?" ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ನಾವು ಎಲ್ಲಿಂದಲೂ ಬಂದವರಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಪಕ್ಕದ ಮನೆಯವರ ಜೊತೆ ತೆಲುಗು, ಹೀಗೇ ಇದ್ದೀವಿ. ಗೆರೆ ನಮ್ಮನ್ನು ದಾಟಿಕೊಂಡು ಹೋಗಿದ್ದು.

ಶ್ರೀರಂಗಪಟ್ಟಣಕ್ಕೆ ಹೋದರೆ ಈ ಯುದ್ಧದ ಗುರುತು ಹೆಜ್ಜೆ ಹೆಜ್ಜೆಗೂ ಸಿಗುತ್ತೆ, ಬಸ್ಸು ತುಂಬ ಜನ ಬರುತ್ತಾರೆ. ರಾಯಕೋಟೆ ಬೆಟ್ಟದ ಕೋಟೆಗೆ ಎಷ್ಟು ಜನ ಹತ್ತುತ್ತಾರೆ? ನೀವು ಹೊಸೂರಿನವರಾದರೆ ಒಂದು ಭಾನುವಾರ ಬೆಳಿಗ್ಗೆ ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಮೇಲಿಂದ ಕೆಲಮಂಗಲದ ದಿಕ್ಕು ತೋರಿಸಿ, ದಂಡು ಈ ಕಡೆ ಹೋಯ್ತು ಅಂತ ಹೇಳಿ.

ಮತ್ತೆ ಒಂದು ಕೇಳಿಕೆ. ಡೆಂಕಣಿಕೋಟೆ, ತಳಿ, ಅಂಚೆಟ್ಟಿ, ಕೆಲಮಂಗಲ ಕಡೆಯವರು ಯಾರಾದರೂ ನೋಡುತ್ತಿದ್ದರೆ, ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ದಂಡು ಬಂದ ಕಥೆ ಹೇಳುತ್ತಿದ್ದರಾ? ಬಣವೆ ಸುಟ್ಟಿದ್ದು, ಎತ್ತು ಬಚ್ಚಿಟ್ಟಿದ್ದು, ಊರು ಬಿಟ್ಟು ಕಾಡು ಸೇರಿದ್ದು, ಏನಾದರೂ? ಲಂಬಾಣಿ ಮನೆತನದವರಾದರೆ ದಯವಿಟ್ಟು ಬರೆಯಿರಿ. ಕ್ಯಾಮೆರಾ ತಗೊಂಡು ನಾನೇ ನಿಮ್ಮೂರಿಗೆ ಬರುತ್ತೀನಿ.