ಅಂಗೈಯೊಳಗಿನ ಆಟ

ನಮಸ್ಕಾರ ಕೇಳುಗರೇ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಉಡುಪಿ ಬಸ್ ಹತ್ತಿ ಕಿಟಕಿ ಪಕ್ಕ ಸೀಟು ಸಿಕ್ಕಿತೆಂದರೆ ನನ್ನ ಕೈ ಈಗಲೂ ಸುಮ್ಮನಿರುವುದಿಲ್ಲ. ಬ್ಯಾಗಿನಲ್ಲಿ ಹಳೇ ಪಿಎಸ್‌ಪಿ ಉಂಟು, ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಯಂತ್ರ. ಬಸ್ಸು ಸುರತ್ಕಲ್ ಮುಟ್ಟುವ ಮೊದಲೇ 'ಡ್ರ್ಯಾಗನ್ ಬಾಲ್' ಕಾರ್ಟೂನಿನ ಗೋಕುವಿಗೂ ವೆಜಿಟಾನಿಗೂ ಮೂರ್ನಾಲ್ಕು ಸಲ ಜಗಳ ಆಗಿ ಮುಗಿದಿರುತ್ತದೆ.

ಸೋನಿಯವರು ಪಿಎಸ್‌ಪಿಯನ್ನು ಜಪಾನಿನಲ್ಲಿ ಬಿಟ್ಟದ್ದು 2004ರ ಡಿಸೆಂಬರಿನಲ್ಲಿ. ಪರದೆ 4.3 ಇಂಚು, ಅಷ್ಟೇ. ನಮ್ಮ ಕೈಗೆ ಅದು ಬಂದದ್ದು ದುಬೈಯಿಂದ ರಜೆಗೆ ಬಂದ ಮಾವನ ಪೆಟ್ಟಿಗೆಯಲ್ಲಿ. ಒಂದು ನನಗೆ, ಒಂದು ಕಾಪುವಿನ ಚಿಕ್ಕಮ್ಮನ ಮಗನಿಗೆ. ಜೊತೆಗೆ 2006ರಲ್ಲಿ ಬಂದ 'ಡ್ರ್ಯಾಗನ್ ಬಾಲ್ ಝಡ್: ಶಿನ್ ಬುಡೋಕಾಯ್' ಎಂಬ ಹೊಡೆದಾಟದ ಗೇಮು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ದಿನಾ ನೋಡುತ್ತಿದ್ದ ಗೋಕು ನಾವು ಹೇಳಿದ ಹಾಗೆ ಕೇಳುತ್ತಾನೆ ಅಂದರೆ ಆ ವಯಸ್ಸಿಗೆ ಅದು ಸಣ್ಣ ವಿಷಯವಾ ಮಾರಾಯ್ರೇ?

ಮಳೆಗಾಲದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಕರೆಂಟ್ ಹೋದರೆ ಬರುವ ಹೊತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ. ಟಿವಿ ಇಲ್ಲ, ಫ್ಯಾನ್ ಇಲ್ಲ. ಪಿಎಸ್‌ಪಿ ಎರಡು ಮಾತ್ರ ಕತ್ತಲೆಯಲ್ಲಿ ಹೊಳೆಯುತ್ತಿದ್ದವು. ಅವೆರಡನ್ನು ಜೋಡಿಸಲು ಇಂಟರ್ನೆಟ್ ಬೇಡ. ವೈರ್‌ಲೆಸ್ ಗುಂಡಿ ಹಾಕಿ ಹತ್ತಿರ ಕೂತರೆ ಆಯ್ತು. ಚಾವಡಿಯಲ್ಲಿ ಕಾಲು ಚಾಚಿ, ಒಬ್ಬರ ಭುಜಕ್ಕೆ ಒಬ್ಬರು ತಾಗಿಕೊಂಡು ಆಡುತ್ತಿದ್ದೆವು. ಎದುರಾಳಿಯ ಬೆರಳು ಗುಂಡಿ ಒತ್ತುವ ಟಕಟಕ ಶಬ್ದ ಕೂಡ ಕಿವಿಗೆ ಬೀಳುತ್ತಿತ್ತು. ಆ ಶಬ್ದ ಸಟ್ಟನೆ ನಿಂತರೆ ನಾನು ಹುಷಾರಾಗುತ್ತಿದ್ದೆ. ಅಂವ ದೊಡ್ಡ ಏಟಿಗೆ ಹೊಂಚು ಹಾಕಿದ್ದಾನೆ ಅಂತ ಲೆಕ್ಕ. ಆ ಆಟದಲ್ಲಿ ದೊಡ್ಡ ಏಟು ಕೊಡಬೇಕಾದರೆ ಕೂಡಿಟ್ಟ 'ಕೀ' ಶಕ್ತಿ ಖರ್ಚಾಗುತ್ತದೆ. ಗುರಿ ತಪ್ಪಿದರೆ ಕೈ ಖಾಲಿ. ಹಾಗಾಗಿ ಸುಮ್ನೆ ಗುಂಡಿ ಒತ್ತುವವನು ಮೊದಲ ದಿನ ಗೆಲ್ಲಬಹುದು, ಮೂರನೇ ದಿನ ತಡೆದು ಕಾಯುವವನೇ ಗೆಲ್ಲುತ್ತಾನೆ. ಕಲಿಯಲು ಅರ್ಧ ಗಂಟೆ, ಆಡಿ ಮುಗಿಸಲು ವರ್ಷಗಟ್ಟಲೆ.

ಇಷ್ಟು ವರ್ಷವಾದರೂ ಇದು ಹಳತು ಅನಿಸುವುದಿಲ್ಲ. ಆಗಿನ ಬೇರೆ ಎಷ್ಟೋ ಆಟಗಳು ನಿಜವಾದ ಮನುಷ್ಯರ ಮುಖ ತೋರಿಸಲು ಹೋದವು. ಇವತ್ತು ನೋಡಿದರೆ ಆ ಮುಖಗಳು ಮೇಣದ ಗೊಂಬೆ ಹಾಗೆ ಕಾಣುತ್ತವೆ. ಇದರಲ್ಲಿ ಹಾಗಲ್ಲ, ಕಾರ್ಟೂನಿನದ್ದೇ ದಪ್ಪ ಗೆರೆ, ಕಾರ್ಟೂನಿನದ್ದೇ ಗಾಢ ಬಣ್ಣ. ಅಂದು ಚಂದ ಇದ್ದದ್ದು ಇಂದೂ ಚಂದ.

ಇನ್ನೊಂದು ಕಾರಣ ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ. ನಾವು ಯಕ್ಷಗಾನಕ್ಕೆ 'ಆಟ' ಅಂತಲೇ ಹೇಳುವುದಲ್ವಾ? ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ರಾತ್ರಿಯಿಡೀ ಕೂರುತ್ತೇವೆ. ಇಂದಿನ ಕರ್ಣ ಹೇಗೆ ಕುಣಿಯುತ್ತಾನೆ, ಏನು ಮಾತಾಡುತ್ತಾನೆ, ಅದು ಬೇಕು ನಮಗೆ. ಈ ಫೈಟಿಂಗ್ ಗೇಮುಗಳೂ ಹಾಗೆಯೇ. ಶಿನ್ ಬುಡೋಕಾಯ್‌ನ ಮುಂದಿನ ಭಾಗ, 2007ರ 'ಅನದರ್ ರೋಡ್'ನಲ್ಲಿ ಮಾಜಿನ್ ಬೂ ಎನ್ನುವ ರಾಕ್ಷಸ ಭವಿಷ್ಯದ ಟ್ರಂಕ್ಸ್ ಎಂಬ ವೀರನ ಲೋಕಕ್ಕೆ ಬಂದರೆ ಏನಾಗುತ್ತದೆ ಅಂತ ಹೊಸ ಪ್ರಸಂಗವನ್ನೇ ಕಟ್ಟಿದ್ದಾರೆ. ಪಾತ್ರ ಹಳೆಯದು, ದಾರಿ ಬೇರೆ.

ನಿಂಟೆಂಡೊ ಡಿಎಸ್ ಎಂಬ ಎರಡು ಪರದೆಯ ಕೈಯಂತ್ರಕ್ಕೆ 2006ರಲ್ಲಿ ಬಂದ 'ಜಂಪ್ ಅಲ್ಟಿಮೇಟ್ ಸ್ಟಾರ್ಸ್' ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅದರ ಕೆಳಗಿನ ಪರದೆಯಲ್ಲಿ ಮಾಂಗಾ ಅಂದರೆ ಜಪಾನಿ ಕಾಮಿಕ್ಸ್ ಪುಟದ ಚೌಕಗಳನ್ನು ನಾವೇ ಜೋಡಿಸಿಕೊಳ್ಳಬೇಕು. ದೊಡ್ಡ ಚೌಕದಲ್ಲಿ ಹೊಡೆದಾಡುವವನು, ಸಣ್ಣದರಲ್ಲಿ ಸಹಾಯಕ್ಕೆ ಬರುವವನು. ಚೌಕ ಮುಟ್ಟಿದರೆ ಆ ಪಾತ್ರ ಮೇಲಿನ ಪರದೆಗೆ ಹಾರುತ್ತದೆ. ಜಪಾನಿನಲ್ಲಿ ಮಾತ್ರ ಬಿಡುಗಡೆಯಾದ ಆಟ ಅದು. ಎರಡು ಪರದೆಯ ಯಂತ್ರಕ್ಕೆ ಇಷ್ಟು ಹೊಂದುವ ಇನ್ನೊಂದು ಆಟ ನಾನು ನೋಡಿಲ್ಲ.

ಈಗ ಫೋನಿನಲ್ಲೂ ಪಿಎಸ್‌ಪಿ ಆಟಗಳು ನಡೆಯುತ್ತವೆ, 2012ರಿಂದ ಪಿಪಿಎಸ್‌ಎಸ್‌ಪಿಪಿ ಎಂಬ ಎಮ್ಯುಲೇಟರ್, ಅಂದರೆ ಪಿಎಸ್‌ಪಿಯ ಹಾಗೆ ನಟಿಸುವ ಆ್ಯಪ್ ಉಂಟು. ಒಳ್ಳೆಯ ಕೆಲಸವೇ. ಆದರೆ ನುಣುಪು ಗಾಜಿನ ಮೇಲೆ ಬೆರಳಿಗೆ ಗುಂಡಿ ಸಿಗುವುದಿಲ್ಲ, ಈ ಆಟಕ್ಕೆ ಗುಂಡಿ ಬೇಕೇ ಬೇಕು.

ಚಿಕ್ಕಮ್ಮನ ಮಗ ಈಗ ಮಣಿಪಾಲದಲ್ಲಿ ಕೆಲಸದಲ್ಲಿದ್ದಾನೆ. ಮೊನ್ನೆ ಹೋದಾಗ ಕಪಾಟಿನಿಂದ ತನ್ನ ಪಿಎಸ್‌ಪಿ ತೆಗೆದ. ಬ್ಯಾಟರಿ ಊದಿಕೊಂಡಿತ್ತು. ಬೇರೆ ಹಾಕಿಸಿ ತಂದ. ಡಿಸ್ಕ್ ಗಿರ್ ಅಂತ ತಿರುಗಿತು. ಊಟಕ್ಕೆ ಕರೆದದ್ದು ಇಬ್ಬರಿಗೂ ಕೇಳಲಿಲ್ಲ. ಕೊನೆಗೆ ನಾನು ಎದ್ದಾಗ ಅಂವ ನನ್ನ ಅಂಗಿ ಹಿಡಿದು ಎಳೆದು ಹೇಳಿದ, "ಅಣ್ಣಾ, ಒಂದೇ ಒಂದು ರೌಂಡ್."