ಗೆಹ್ರಿಗ್ ಹೆಸರಿನ ಪ್ರಶಸ್ತಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಹಲವು ಪ್ರೌಢಶಾಲೆಗಳಲ್ಲಿ, ತೀರಿಕೊಂಡ ಒಬ್ಬ ಆಟಗಾರನ ಅಥವಾ ತರಬೇತುದಾರರ ನೆನಪಿಗಾಗಿ ಬೇಸ್‌ಬಾಲ್ ಹುಡುಗರಿಗೆ ಸನ್ನಡತೆಯ ಪ್ರಶಸ್ತಿ ಕೊಡುವ ರೂಢಿಯಿದೆ. ಹೊಡೆತಗಳನ್ನು ಎಣಿಸಬಹುದು, ನಡತೆಯನ್ನು ಎಣಿಸುವುದು ಹೇಗೆ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಅಮೆರಿಕದ ಹಳೆಯ ಬೇಸ್‌ಬಾಲ್ ಆಟಗಾರ ಲೂ ಗೆಹ್ರಿಗ್ ನೆನಪಾಗುತ್ತಾರೆ.

1920ರ ಜೂನ್. ನ್ಯೂಯಾರ್ಕಿನ ಹೈಸ್ಕೂಲ್ ಆಫ್ ಕಾಮರ್ಸ್ ತಂಡ ಷಿಕಾಗೋದ ಲೇನ್ ಟೆಕ್ ಶಾಲೆಯ ಮೇಲೆ ಆಡುತ್ತಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಕೊನೆಯ ಇನಿಂಗ್ಸ್‌ನಲ್ಲಿ ಮೂರೂ ಬೇಸ್‌ಗಳಲ್ಲಿ ಓಟಗಾರರು ನಿಂತಿದ್ದಾಗ, ಹದಿನೇಳರ ಹುಡುಗನೊಬ್ಬ ಚೆಂಡನ್ನು ಕ್ರೀಡಾಂಗಣದಿಂದಲೇ ಆಚೆಗೆ ಹೊಡೆದ. ಇಂಥ ಹೊಡೆತಕ್ಕೆ ಹೋಮ್‌ರನ್ ಎನ್ನುತ್ತಾರೆ. ಮೂವರು ಓಟಗಾರರೂ ಹೊಡೆದವನೂ ಸುತ್ತು ಮುಗಿಸಿ, ಒಂದೇ ಹೊಡೆತಕ್ಕೆ ನಾಲ್ಕು ರನ್. ಜರ್ಮನಿಯಿಂದ ವಲಸೆ ಬಂದ ಬಡ ದಂಪತಿಯ ಮಗ ಗೆಹ್ರಿಗ್ ಆತ. ತಾಯಿ ಪರರ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡಿ ಸಂಸಾರ ತೂಗಿಸುತ್ತಿದ್ದರು.

ಆ ಹೊಡೆತ ಹುಡುಗನ ತೋಳಿನ ಶಕ್ತಿಯನ್ನು ತೋರಿಸಿತು. ಅವರ ನಡತೆ ಕಾಣಿಸಿದ್ದು ಹತ್ತೊಂಬತ್ತು ವರ್ಷಗಳ ಬಳಿಕ. ನ್ಯೂಯಾರ್ಕಿನ ವೃತ್ತಿಪರ ತಂಡ ಯಾಂಕೀಸ್‌ಗೆ ಅವರು ಸತತ 2,130 ಪಂದ್ಯಗಳನ್ನು ಆಡಿದ್ದರು. 1939ರ ವಸಂತದಲ್ಲಿ ಮೈ ಸ್ವಾಧೀನ ತಪ್ಪತೊಡಗಿತು. ಕಾರಣ ಇನ್ನೂ ಯಾರಿಗೂ ತಿಳಿದಿರಲಿಲ್ಲ. ಅವರನ್ನು ಕೈಬಿಡುವ ಧೈರ್ಯ ತಂಡದಲ್ಲಿ ಯಾರಿಗೂ ಇರಲಿಲ್ಲ. ಮೇ 2ರಂದು ಡೆಟ್ರಾಯಿಟ್‌ನಲ್ಲಿ ಗೆಹ್ರಿಗ್ ತಾವೇ, ಆಡುವವರನ್ನು ಆರಿಸುವ ವ್ಯವಸ್ಥಾಪಕ ಜೋ ಮೆಕಾರ್ಥಿಯವರ ಬಳಿ ಹೋಗಿ, ತಂಡದ ಹಿತಕ್ಕಾಗಿ ಈ ದಿನ ನನ್ನನ್ನು ಹೊರಗಿಡಿ ಎಂದರು. ನಾಯಕನಾಗಿ, ತಮ್ಮ ಹೆಸರಿಲ್ಲದ ಆಟಗಾರರ ಪಟ್ಟಿಯನ್ನು ತಾವೇ ಅಂಪೈರ್‌ಗೆ ಒಪ್ಪಿಸಿದರು. ಹದಿನಾಲ್ಕು ವರ್ಷ ಕಟ್ಟಿದ ದಾಖಲೆಯನ್ನು ಸ್ವಂತ ಕೈಯಿಂದ ನಿಲ್ಲಿಸುವುದು ಎಷ್ಟು ಜನರಿಗೆ ಸಾಧ್ಯ? ನಾನಂತೂ ಆ ಹೋಮ್‌ರನ್‌ಗಿಂತ ಈ ನಿರ್ಧಾರವನ್ನೇ ದೊಡ್ಡದೆಂದು ಎಣಿಸುತ್ತೇನೆ.

ಜೂನ್‌ನಲ್ಲಿ, ಸ್ನಾಯುಗಳ ಬಲವನ್ನು ಕ್ರಮೇಣ ಕಸಿಯುವ ಎಎಲ್‌ಎಸ್ ಎಂಬ ನರರೋಗ ಪತ್ತೆಯಾಯಿತು. ಬಳಿಕ ಭಾಷಣಗಳಿಗೆ ದೊಡ್ಡ ಹಣ ಕೊಡುವವರಿದ್ದರು. ಅದನ್ನು ಬಿಟ್ಟು, ವರ್ಷಕ್ಕೆ 5,700 ಡಾಲರ್ ಸಂಬಳದ ನ್ಯೂಯಾರ್ಕ್ ನಗರದ ಪೆರೋಲ್ ಆಯುಕ್ತರ ಹುದ್ದೆಯನ್ನು ಒಪ್ಪಿಕೊಂಡರು. ಜೈಲುಗಳಿಗೆ ಹೋಗಿ ಕೈದಿಗಳ ವಿಚಾರಗಳನ್ನು ಆಲಿಸಿದರು. ಪತ್ರಕರ್ತರನ್ನು ಮಾತ್ರ ಜೊತೆಗೆ ಸೇರಿಸಲಿಲ್ಲ. 1941ರ ಜೂನ್ 2ರಂದು, 37ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಸದಸ್ಯರಾಗಿದ್ದ ಫೈ ಡೆಲ್ಟಾ ಥೀಟಾ ಎಂಬ ವಿದ್ಯಾರ್ಥಿ ಬಳಗ, 1955ರಿಂದ ಲೂ ಗೆಹ್ರಿಗ್ ಸ್ಮಾರಕ ಪ್ರಶಸ್ತಿ ನೀಡುತ್ತಿದೆ. ಅಂಗಳದ ಒಳಗೂ ಹೊರಗೂ ಗೆಹ್ರಿಗ್ ಅವರಂತೆ ಬಾಳುವ ವೃತ್ತಿಪರ ಆಟಗಾರನಿಗೆ ಇದು ಸಲ್ಲುತ್ತದೆ. ಮೊದಲು ಪಡೆದವರು ಆಲ್ವಿನ್ ಡಾರ್ಕ್. 1992ರಲ್ಲಿ ಇದು ಕ್ಯಾಲ್ ರಿಪ್ಕನ್ ಅವರಿಗೆ ಬಂತು. 2,130ರ ದಾಖಲೆಯನ್ನು ಮುರಿದವರು ಇವರೇ, ಆದರೆ ಅದು 1995ರಲ್ಲಿ. ಗೆಹ್ರಿಗ್ ಹೆಸರಿನ ಗೌರವ ಅವರಿಗೆ ದಾಖಲೆಗಿಂತ ಮೂರು ವರ್ಷ ಮೊದಲೇ ಸಂದಿತ್ತು.

ನಮಸ್ಕಾರ.