ಭೂಕಂಪ ಎಲ್ಲಾಯಿತು? ಕಲ್ಲನ್ನೂ ಕೇಳಬೇಕು

ಕೇಳುಗರೇ, ನಮಸ್ಕಾರ.

ಭೂಕಂಪವಾದ ಸ್ವಲ್ಪ ಹೊತ್ತಿಗೇ ಸುದ್ದಿ ಬರುತ್ತದೆ: ಇಂಥ ಕಡೆ, ಇಷ್ಟು ಆಳದಲ್ಲಿ ಅಂತ. ಅಷ್ಟು ಆಳಕ್ಕೆ ಇಳಿದು ನೋಡಿದವರು ಯಾರೂ ಇಲ್ಲ, ಅಲ್ವಾ? ತಜ್ಞರ ಕೈಯಲ್ಲಿ ಮುಖ್ಯವಾಗಿ ಇರುವುದು ಸಮಯ. ಕಂಪನದ ಅಲೆ ಯಾವ ಮಾಪನ ಕೇಂದ್ರಕ್ಕೆ ಎಷ್ಟು ಹೊತ್ತಿಗೆ ಮುಟ್ಟಿತು ಎಂಬ ಲೆಕ್ಕ. ಅದರಿಂದ ದೂರ ತಿಳಿಯಬೇಕಾದರೆ ಅಲೆಯ ವೇಗ ಗೊತ್ತಿರಬೇಕು. ಆ ವೇಗವನ್ನು ತೀರ್ಮಾನಿಸುವುದು ದಾರಿಯಲ್ಲಿ ಸಿಗುವ ಕಲ್ಲು.

ಮೊದಲು ಬರುವ ಪಿ ಅಲೆ ಗಟ್ಟಿ ಗ್ರಾನೈಟ್‌ನಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಸಡಿಲವಾದ ಒಣ ಮಣ್ಣಿನಲ್ಲಿ 2 ಕಿ.ಮೀ. ಕೂಡ ದಾಟುವುದಿಲ್ಲ. ಕಲ್ಲಿನಲ್ಲಿ ಬಿರುಕು ಜಾಸ್ತಿಯಾದಷ್ಟೂ ಅಲೆ ನಿಧಾನ. ಬಿರುಕಿಗೆ ನೀರು ತುಂಬಿದರೆ ಪಿ ಅಲೆ ಮತ್ತೆ ಚುರುಕಾಗುತ್ತದೆ. ಹಿಂದೆ ಬರುವ ಎಸ್ ಅಲೆ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಒಂದು ಲೆಕ್ಕ ಹಾಕೋಣ. ಎರಡು ಅಲೆಗಳ ನಡುವೆ 10 ಸೆಕೆಂಡ್ ಅಂತರ ಬಂತು. ಪಿ ವೇಗ 6, ಎಸ್ ವೇಗ 3.5 ಎಂದು ಹಿಡಿದರೆ ಭೂಕಂಪ ಸುಮಾರು 84 ಕಿ.ಮೀ. ದೂರದಲ್ಲಿದೆ. ಅಲ್ಲಿನ ಕಲ್ಲು ಬಿರುಕುಬಿಟ್ಟದ್ದು, ವೇಗ 5 ಮತ್ತು 2.9 ಎಂದಾದರೆ 69 ಕಿ.ಮೀ. ಮಾತ್ರ. ಗಡಿಯಾರದ ತಪ್ಪು ಏನೂ ಇಲ್ಲ. ಆದರೂ 15 ಕಿ.ಮೀ. ವ್ಯತ್ಯಾಸ!

ಕೇಂದ್ರಗಳನ್ನು ಹೆಚ್ಚಿಸಿದರೆ ಸಾಲದೇ? ಸಾಲದು. 1965ರ ಅಕ್ಟೋಬರ್‌ನಲ್ಲಿ ಅಲಾಸ್ಕಾದ ಆಮ್‌ಚಿಟ್ಕಾ ದ್ವೀಪದಲ್ಲಿ ಅಮೆರಿಕ ನೆಲದಡಿ ಅಣುಸ್ಫೋಟ ನಡೆಸಿತು. ಹೆಸರು ಲಾಂಗ್‌ಶಾಟ್. ಜಾಗ, ಸಮಯ ಎರಡೂ ಕರಾರುವಾಕ್ಕಾಗಿ ಗೊತ್ತಿದ್ದವು. ದೂರದೂರದ ಕೇಂದ್ರಗಳ ಸಮಯ ಸೇರಿಸಿ ಲೆಕ್ಕ ಹಾಕಿದಾಗ ಸಿಕ್ಕ ಜಾಗ ನಿಜವಾದ ಜಾಗಕ್ಕಿಂತ 20 ಕಿ.ಮೀ.ಗೂ ಹೆಚ್ಚು ಉತ್ತರ ದಿಕ್ಕಿಗೆ ಸರಿದಿತ್ತು. ಅಲ್ಲಿ ಪೆಸಿಫಿಕ್ ಸಾಗರದ ತಳದ ತಣ್ಣನೆಯ, ಗಟ್ಟಿಯಾದ ಕಲ್ಲಿನ ಫಲಕ ಉತ್ತರದ ಕಡೆ ಭೂಮಿಯೊಳಗೆ ಇಳಿಯುತ್ತಿದೆ. ಅದರೊಳಗೆ ಹೋದ ಅಲೆಗಳು ಉತ್ತರದ ಕಡೆಯ ಕೇಂದ್ರಗಳಿಗೆ ಬೇಗ ಮುಟ್ಟಿದವು, ಸ್ಫೋಟ ಆ ಕೇಂದ್ರಗಳಿಗೆ ಹತ್ತಿರವಿದ್ದಂತೆ ಕಂಡಿತು. ನನಗೆ ಇದು ಬಹಳ ದೊಡ್ಡ ಪಾಠ ಅನ್ನಿಸುತ್ತದೆ. ಎಲ್ಲವೂ ಒಂದೇ ಕಡೆಗೆ ವಾಲುವ ತಪ್ಪು ಸರಾಸರಿಯಲ್ಲಿ ಕರಗುವುದಿಲ್ಲ.

ಅದಕ್ಕೇ ಜಾಗ ಗೊತ್ತಿರುವ ಸ್ಫೋಟಗಳಿಂದ ವೇಗವನ್ನು ಅಳೆದು, ಪ್ರತಿ ಕೇಂದ್ರಕ್ಕೂ ತಿದ್ದುಪಡಿ ಹಾಕುತ್ತಾರೆ. ಇನ್ನೊಂದು ದಾರಿಯೂ ಇದೆ. ಅಕ್ಕಪಕ್ಕದ ಎರಡು ಭೂಕಂಪಗಳ ಅಲೆಗಳು ದೂರದ ಒಂದೇ ಕೇಂದ್ರಕ್ಕೆ ಹೆಚ್ಚುಕಡಿಮೆ ಒಂದೇ ಕಲ್ಲಿನೊಳಗೆ ಸಾಗುತ್ತವೆ. ಒಂದರ ಸಮಯದಿಂದ ಇನ್ನೊಂದನ್ನು ಕಳೆದರೆ ದಾರಿಯ ತಪ್ಪು ಬಹುಪಾಲು ಹೊರಟುಹೋಗುತ್ತದೆ. ನಕ್ಷೆಯಲ್ಲಿ ಚದುರಿ ಕಾಣುತ್ತಿದ್ದ ಭೂಕಂಪಗಳ ಚುಕ್ಕಿಗಳು ಎಷ್ಟೋ ಸಲ ಸಣ್ಣ ಗೆರೆಯಾಗಿ ಕೂಡಿಕೊಳ್ಳುತ್ತವೆ. ಆ ಗೆರೆ ನಕ್ಷೆಯಲ್ಲಿ ನಿಖರವಾಗಿ ಎಲ್ಲಿ ಕೂರಬೇಕು ಎನ್ನುವುದಕ್ಕೆ ಮಾತ್ರ ಅಲ್ಲಿನ ಕಲ್ಲಿನ ವೇಗ ಬೇಕೇ ಬೇಕು.

ನಮಸ್ಕಾರ.